ಮನೆಯ ಮಾತು, ಗಣತಿಯ ಲೆಕ್ಕ

ಇಂಗ್ಲಿಷ್ ಎಷ್ಟು ಚೆನ್ನಾಗಿ ಬರುತ್ತದೆ? ಮನೆಯಲ್ಲಿ ಬೇರೆ ಭಾಷೆಯನ್ನಾಡುವ, ಐದು ವರ್ಷ ತುಂಬಿದವರ ವಿಷಯದಲ್ಲಿ ಅಮೆರಿಕದ ಗಣತಿ ಇಲಾಖೆ ಕೇಳುವ ಪ್ರಶ್ನೆಯಿದು. ಉತ್ತರಗಳು ನಾಲ್ಕೇ: ಬಹಳ ಚೆನ್ನಾಗಿ, ಚೆನ್ನಾಗಿ, ಅಷ್ಟು ಚೆನ್ನಾಗಿಲ್ಲ, ಏನೇನೂ ಇಲ್ಲ. ಮೊದಲನೆಯ ಉತ್ತರ ಹೇಳದವರೆಲ್ಲ ಇಂಗ್ಲಿಷಿನಲ್ಲಿ ಕೊರತೆಯುಳ್ಳವರೆಂದೇ ಲೆಕ್ಕ.

ಈ ಲೆಕ್ಕದ ಒಳಮರ್ಮವನ್ನರಿಯಲು ಅರಿಜೋನ ರಾಜ್ಯದ ಈಶಾನ್ಯ ಮೂಲೆಯ ಅಪಾಚೆ ಕೌಂಟಿಯನ್ನು ನೋಡಬೇಕು. ಹನ್ನೊಂದು ಸಾವಿರ ಚದರ ಮೈಲಿಗೂ ಮಿಕ್ಕ ವಿಸ್ತಾರ. 2020ರ ಗಣತಿಯಂತೆ 66,021 ಜನ. ಹೆಸರು ಅಪಾಚೆಯಾದರೂ ನಿವಾಸಿಗಳಲ್ಲಿ ಬಹುಪಾಲು ನಾವಹೋ ಜನಾಂಗದವರು. 2006ರಿಂದ 2010ರವರೆಗಿನ ಸಮೀಕ್ಷೆಯ ಪ್ರಕಾರ ಇಲ್ಲಿ ಸುಮಾರು 37,000 ಜನ ಮನೆಯಲ್ಲಿ ಮೂಲನಿವಾಸಿಗಳ ಭಾಷೆಯನ್ನಾಡುತ್ತಿದ್ದರು. ಆ ದೇಶದ ಬೇರಾವ ಕೌಂಟಿಯಲ್ಲೂ ಅಷ್ಟು ಮಂದಿ ಇರಲಿಲ್ಲ.

ಈ ನುಡಿ ಉಳಿದು ಬಂದ ದಾರಿ ಸುಗಮವಾದುದಲ್ಲ. 1868ರ ಒಪ್ಪಂದವು ಆರರಿಂದ ಹದಿನಾರು ವರ್ಷದ ನಾವಹೋ ಮಕ್ಕಳಿಗೆ ಇಂಗ್ಲಿಷ್ ವಿದ್ಯೆಯನ್ನು ಕಡ್ಡಾಯಗೊಳಿಸಿತು. ಮುಂದೆ ಬಂದ ವಸತಿಶಾಲೆಗಳಲ್ಲಿ ತಾಯ್ನುಡಿಯನ್ನಾಡಿದ ಮಕ್ಕಳ ಬಾಯಿಯನ್ನು ಸಾಬೂನಿನಿಂದ ತೊಳೆದದ್ದೂ ಉಂಟು. ಆದರೆ 1942ರಲ್ಲಿ, ಜಪಾನಿನೊಡನೆ ಯುದ್ಧ ನಡೆದಿದ್ದಾಗ, ಅದೇ ಸರ್ಕಾರ 29 ಮಂದಿ ನಾವಹೋ ತರುಣರನ್ನು ಸೇನೆಗೆ ಸೇರಿಸಿಕೊಂಡು, ಅವರ ನುಡಿಯಲ್ಲೇ ಗುಪ್ತ ಸಂಕೇತವೊಂದನ್ನು ಕಟ್ಟಿಸಿತು. ಶಾಲೆಯಲ್ಲಿ ಅಪರಾಧವೆನಿಸಿದ ಮಾತು ರಣರಂಗದಲ್ಲಿ ರಕ್ಷಾಕವಚವಾಯಿತು; ಶತ್ರುಗಳಿಗೆ ಅದನ್ನು ಭೇದಿಸಲಾಗಲಿಲ್ಲ.

1975ರಲ್ಲಿ ಮತದಾನದ ಕಾಯಿದೆಗೆ ತಿದ್ದುಪಡಿಯಾಯಿತು. ಇಂಗ್ಲಿಷ್ ಸಾಲದ ನಾಗರಿಕರು ನಿರ್ದಿಷ್ಟ ಪ್ರಮಾಣದಲ್ಲಿರುವ ಕಡೆ ಅವರ ಭಾಷೆಯಲ್ಲೇ ಚುನಾವಣೆಯ ನೆರವು ದೊರೆಯಬೇಕೆಂಬುದು ಅದರ ವಿಧಿ. ನಾವಹೋ ಹಿಂದೆ ಬರಹವಿಲ್ಲದಿದ್ದ ನುಡಿಯಾದುದರಿಂದ ಬಾಯಿಮಾತಿನ ನೆರವೇ ಸಾಕೆನಿಸಿತು. ಹೀಗೆ, "ಅಷ್ಟು ಚೆನ್ನಾಗಿಲ್ಲ" ಎಂದು ಅಜ್ಜಿಯೊಬ್ಬಳು ಗಣತಿಗೆ ಕೊಟ್ಟ ಉತ್ತರ ಬರಿಯ ಕೊರತೆಯ ಗುರುತಲ್ಲ. ಮತಗಟ್ಟೆಯಲ್ಲಿ ದುಭಾಷಿಯನ್ನು ದೊರಕಿಸಿಕೊಡುವ ಹಕ್ಕಿನ ಆಧಾರವೂ ಹೌದು.

ಆದರೆ ಅವಳ ಮೊಮ್ಮಗನ ಗತಿಯೇನು? ಅವನಿಗೆ ಇಂಗ್ಲಿಷ್ ಬಹಳ ಚೆನ್ನಾಗಿ ಬರುತ್ತದೆಂದಾದರೆ ಗಣತಿಯ ಪಾಲಿಗೆ ಅದು ಪ್ರಗತಿ. ಮನೆಯಲ್ಲೂ ಇಂಗ್ಲಿಷನ್ನೇ ಆಡುವವನಾದರೆ ಆ ಪ್ರಶ್ನೆಯೇ ಅವನ ಬಳಿ ಸುಳಿಯದು. ನಾವಹೋ ಎಷ್ಟು ಚೆನ್ನಾಗಿ ಬರುತ್ತದೆಂದು ಗಣತಿ ಯಾರನ್ನೂ ಕೇಳುವುದಿಲ್ಲ. ಅಜ್ಜಿ ಹೇಳಿದ ಕತೆ ಮೊಮ್ಮಗನಿಗೆ ಅರ್ಥವಾಗದೆ ಹೋದರೆ, ಆ ನಷ್ಟವನ್ನು ಬರೆದಿಡಲು ಅಲ್ಲಿ ಸ್ಥಳವಿಲ್ಲ.

ಆ ಜನರು ಈ ಅಪಾಯವನ್ನರಿಯದೆ ಕುಳಿತವರಲ್ಲ. ಇದೇ ಕೌಂಟಿಯ ರಫ್ ರಾಕ್ ಎಂಬಲ್ಲಿ 1966ರಲ್ಲಿ ನಾವಹೋ ಜನರೇ ಆಡಳಿತ ನಡೆಸುವ ಶಾಲೆಯೊಂದು ತೆರೆದು, ಎರಡೂ ಭಾಷೆಗಳಲ್ಲಿ ಪಾಠ ಹೇಳತೊಡಗಿತು. 1968ರಲ್ಲಿ ಅವರದೇ ಕಾಲೇಜು ಸ್ಥಾಪನೆಯಾಯಿತು. ಇಂಗ್ಲಿಷ್ ಬೇಡವೆಂದು ಅವರೆಂದೂ ಹೇಳಲಿಲ್ಲ. ಅದನ್ನು ಕಲಿಯುವುದಕ್ಕೆ ಮನೆಯ ಮಾತನ್ನು ಬೆಲೆಯಾಗಿ ತೆರಬೇಕಿಲ್ಲವೆಂಬುದನ್ನು ಮಾತ್ರ ತೋರಿಸಹೊರಟರು.