ಹದಿಮೂರು ತಂತಿ ಸಾಲದಾದಾಗ

ಜಪಾನಿನ ಕೋಟೊ ಎಂದೊಡನೆ, ಕಿಮೊನೊ ತೊಟ್ಟು ಮಂಡಿಯೂರಿ ಕುಳಿತ ಹೆಣ್ಣುಮಗಳೊಬ್ಬಳು ಉದ್ದನೆಯ ವಾದ್ಯವನ್ನು ಮೆಲ್ಲಗೆ ಮೀಟುವ ಕ್ಯಾಲೆಂಡರ್ ಚಿತ್ರವೇ ಕಣ್ಣಮುಂದೆ ಬರುತ್ತದೆ. ಆ ಚಿತ್ರವನ್ನು ನಂಬಿಕೊಂಡು ಕೋಟೊ ವಾದಕಿ ಮಿಚಿಯೊ ಯಾಗಿ ಅವರ ಕಛೇರಿಗೆ ಹೋದವರು ತಬ್ಬಿಬ್ಬಾಗುತ್ತಾರೆ. ಪಕ್ಕದಲ್ಲಿ ಡ್ರಮ್ಸ್, ಕೆಲವೊಮ್ಮೆ ಸ್ಯಾಕ್ಸೊಫೋನ್. ಕೋಟೊದ ನಾದ ಹೊಮ್ಮುವುದು ಆಂಪ್ಲಿಫೈಯರಿನಿಂದ. ಯಾಗಿ ತಂತಿ ಮೀಟುತ್ತಾರೆ, ಕೋಲಿನಿಂದ ಬಡಿಯುತ್ತಾರೆ, ಕಮಾನಿನಿಂದ ಉಜ್ಜುತ್ತಾರೆ, ನಡುವೆ ಹಾಡುತ್ತಾರೆ ಕೂಡ. ಇಂಥ ಕಛೇರಿಗಳಲ್ಲಿ ಎಷ್ಟೋ ಸಲ ಮುಂದೇನು ಎಂಬುದು ವೇದಿಕೆಯ ಮೇಲೇ ತೀರ್ಮಾನವಾಗುತ್ತದೆ.

ಹಾಗೆಂದು ಯಾಗಿ ಅರ್ಧಂಬರ್ಧ ಕಲಿತು ಪ್ರಯೋಗಕ್ಕೆ ಇಳಿದವರಲ್ಲ. ಕುಂಬಾರಿಕೆಗೆ ಹೆಸರಾದ ತೊಕೊನಾಮೆಯಲ್ಲಿ ಹುಟ್ಟಿದ ಅವರು ಕೋಟೊ ಕಲಿತದ್ದು ತದಾವೊ ಸವಾಯಿ ಮತ್ತು ಕಜುಎ ಸವಾಯಿ ದಂಪತಿಯ ಬಳಿ. ಸಾಂಪ್ರದಾಯಿಕ ವಾದಕರಿಗಾಗಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ನಡೆಸುತ್ತಿದ್ದ ತರಬೇತಿಯನ್ನೂ ಮುಗಿಸಿದ್ದಾರೆ.

ಅವರ ಕೆಲಸದ ಕಷ್ಟ ತಿಳಿಯಬೇಕಾದರೆ ವಾದ್ಯವನ್ನು ಹತ್ತಿರದಿಂದ ನೋಡಬೇಕು. ಕಿರಿ ಎಂಬ ಮರದಿಂದ ಮಾಡಿದ, ಹದಿಮೂರು ತಂತಿಗಳ ಸಾಂಪ್ರದಾಯಿಕ ಕೋಟೊ ಸುಮಾರು ಆರಡಿ ಉದ್ದ. ವೀಣೆಯಲ್ಲಾದರೆ ಮೆಟ್ಟಿಲುಗಳಿರುವುದರಿಂದ ಒಂದೇ ತಂತಿಯಲ್ಲಿ ಎಲ್ಲ ಸ್ವರಗಳೂ ಸಿಗುತ್ತವೆ. ಕೋಟೊದಲ್ಲಿ ಮೆಟ್ಟಿಲಿಲ್ಲ, ತಂತಿಗೊಂದು ಕುದುರೆ (ತಂತಿಯನ್ನು ಎತ್ತಿ ಹಿಡಿಯುವ ಆಸರೆ), ತಂತಿಗೊಂದು ಸ್ವರ. ಕುದುರೆಯನ್ನು ಅಂಟಿಸಿರುವುದಿಲ್ಲ, ಅತ್ತಿತ್ತ ಸರಿಸಿ ಶ್ರುತಿ ಮಾಡಿಕೊಳ್ಳಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ತೊಟ್ಟ ಉಗುರುಗಳಿಂದ ಮೀಟಿದರೆ, ಎಡಗೈ ಕುದುರೆಯ ಆಚೆ ಬದಿ ತಂತಿಯನ್ನು ಒತ್ತಿ ಸ್ವರ ಏರಿಸುತ್ತದೆ. ಹೀಗಾಗಿ ನುಡಿಸಾಣಿಕೆಯ ನಡುವೆ ಬೇರೆ ಸ್ವರಗಳತ್ತ ಹೊರಳಬೇಕೆಂದರೆ ಗಟ್ಟಿಯಾಗಿ ಒತ್ತಬೇಕು, ಇಲ್ಲವೇ ಅಲ್ಲೇ ಕುದುರೆ ಸರಿಸಬೇಕು. ಮನೋಧರ್ಮಕ್ಕೆ ಇದೊಂದು ತೊಡಕು. ಆದರೆ ಯಾವ ಶ್ರುತಿಗೂ ಕಟ್ಟುಬೀಳದ ಸ್ವಾತಂತ್ರ್ಯ ಬಂದಿರುವುದೂ ಇದೇ ಕುದುರೆಗಳಿಂದ.

ಆ ಸ್ವಾತಂತ್ರ್ಯವನ್ನು ಹಿಂದಿನವರೂ ಬಳಸಿಕೊಂಡಿದ್ದರು. 17ನೇ ಶತಮಾನದಲ್ಲಿ ಅಂಧ ಸಂಗೀತಗಾರ ಯತ್ಸುಹಾಶಿ ಕೆಂಗ್ಯೊ ಹೊಸ ಶ್ರುತಿಯನ್ನು ಬಳಕೆಗೆ ತಂದು ಕೋಟೊವಿನ ದಾರಿಯನ್ನೇ ಬದಲಿಸಿದರು. ಅವರಂತೆಯೇ ದೃಷ್ಟಿ ಕಳೆದುಕೊಂಡಿದ್ದ ಮಿಚಿಓ ಮಿಯಾಗಿ, ಮಂದ್ರದ ನಾದ ಬೇಕೆಂದು 1921ರಲ್ಲಿ 17 ತಂತಿಗಳ ದೊಡ್ಡ ಕೋಟೊ ರೂಪಿಸಿದರು. 1969ರಲ್ಲಿ ಕೇಕೊ ನೊಸಾಕ 20 ತಂತಿಗಳ ಕೋಟೊ ತಂದರು. ಮುಂದೆ ಅದಕ್ಕೆ ಇನ್ನೊಂದು ತಂತಿ ಸೇರಿತು. ಮಿಯಾಗಿಯವರ ಶಿಷ್ಯೆ ಕಜುಎ ಸವಾಯಿ, ಅವರ ಶಿಷ್ಯೆ ಯಾಗಿ. ಯಾಗಿ ಹೆಚ್ಚಾಗಿ ನುಡಿಸುವುದು ಈ 17 ಮತ್ತು 21 ತಂತಿಗಳ ಕೋಟೊಗಳನ್ನೇ.

ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕಿಯಾಗಿ ಹೋದಾಗ ಯಾಗಿಯವರಿಗೆ ಜಾನ್ ಕೇಜ್, ಜಾನ್ ಜೋರ್ನ್ ಅವರಂಥ ಸಂಯೋಜಕರ ಒಡನಾಟ ಸಿಕ್ಕಿತು. 1999ರಲ್ಲಿ ಜೋರ್ನ್ ಅವರ ಜಾದಿಕ್ ಸಂಸ್ಥೆಯಿಂದಲೇ ಯಾಗಿಯವರ ‘ಶಿಜುಕು’ ಆಲ್ಬಮ್ ಹೊರಬಂತು. ನಾರ್ವೆಯ ಡ್ರಮ್ಸ್ ವಾದಕ ಪಾಲ್ ನಿಲ್ಸೆನ್-ಲವ್, ಜರ್ಮನಿಯ ಸ್ಯಾಕ್ಸೊಫೋನ್ ವಾದಕ ಪೀಟರ್ ಬ್ರಾಟ್ಸ್‌ಮನ್ ಅವರ ಜೊತೆಗೂ ಅವರು ನುಡಿಸಿದ್ದಾರೆ. ಬ್ರಾಟ್ಸ್‌ಮನ್ ಅಬ್ಬರಕ್ಕೇ ಹೆಸರಾದವರು. ಅಂಥವರೆದುರು ಕೋಟೊ ಮಣಿಯದೆ ನಿಲ್ಲಬಲ್ಲದು ಎಂದು ತೋರಿಸಿಕೊಟ್ಟದ್ದು ಯಾಗಿಯವರ ದೊಡ್ಡ ಸಾಧನೆ.

ಕೇಳುವ ಆಸಕ್ತಿ ಇದ್ದವರು ಮೊದಲು ಮಿಯಾಗಿಯವರ 1929ರ ‘ಹಾರು ನೊ ಉಮಿ’ ಕೇಳಿ, ಆಮೇಲೆ ‘ಶಿಜುಕು’ ಹಾಕಿಕೊಳ್ಳಿ. ಮೊದಲನೆಯದು ಇಂದು ಜಪಾನಿನಲ್ಲಿ ಹೊಸ ವರ್ಷಕ್ಕೆ ತಪ್ಪದೆ ಕೇಳಿಬರುವ ಸಂಗೀತ. ಅದನ್ನು ರಚಿಸಿದವರೂ ತಮ್ಮ ಕಾಲದಲ್ಲಿ ಪ್ರಯೋಗಶೀಲರೇ ಆಗಿದ್ದರು ಎಂಬುದು ನೆನಪಿರಲಿ.