ಹೊಸ ದವಡೆಯ ಕಾವಲು

ಅಡಕೆ ಹೊಗೆಸೊಪ್ಪುಗಳ ಸಹವಾಸದಿಂದ ಬಾಯಿಯ ಅರ್ಬುದರೋಗಕ್ಕೀಡಾಗಿ ದವಡೆಯನ್ನು ಕಳೆದುಕೊಂಡವರಿಗೆ, ಮೊಣಕಾಲಿನ ಕೆಳಗಿನ ಕಿರುಎಲುಬನ್ನು ರಕ್ತನಾಳಸಮೇತ ತೆಗೆದು ಹೊಸ ದವಡೆಯನ್ನು ಕಟ್ಟಿಕೊಡುವ ವಿಧಾನವನ್ನು ನ್ಯೂಯಾರ್ಕಿನ ಡಾಕ್ಟರ್ ಹಿಡಾಲ್ಗೊರವರು 1989ರಲ್ಲಿ ಪ್ರಕಟಿಸಿದರು. ಶಸ್ತ್ರವೈದ್ಯರ ಈ ಕೈಚಳಕವನ್ನು ಎಲ್ಲರೂ ಕೊಂಡಾಡುವರು. ಆದರೆ ಆ ಕಸಿಯ ಅಳಿವು ಉಳಿವು ಬಹುಮಟ್ಟಿಗೆ ಮೊದಲ ಮೂರು ದಿನಗಳಲ್ಲಿ, ಅದೂ ರಾತ್ರಿಯ ದಾದಿಯ ಎಚ್ಚರದಲ್ಲಿ ನಿಂತಿದೆಯೆಂಬುದನ್ನು ಬಲ್ಲವರು ವಿರಳ. ಕೂಡಿಸಿದ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದರೆ ಕಸಿಯ ಚರ್ಮವು ನೀಲಿಗಟ್ಟಿ ಊದುವುದು, ಇಲ್ಲವೆ ಬಿಳಿಚಿ ತಣ್ಣಗಾಗುವುದು. ಮೊದಲ ದಿನ ಗಂಟೆಗೊಮ್ಮೆ ನೋಡಿ, ಸಂಶಯ ಬಂದೊಡನೆ ವೈದ್ಯರನ್ನು ಎಬ್ಬಿಸಿದಲ್ಲಿ, ಮರಳಿ ಶಸ್ತ್ರಶಾಲೆಗೊಯ್ದು ಎಷ್ಟೋ ಕಸಿಗಳನ್ನು ಉಳಿಸಬಹುದು; ಬೆಳಗಾಗಲೆಂದು ಕಾದರೆ ಕೈಬಿಟ್ಟಂತೆಯೇ ಸರಿ. ಉಸಿರಿಗಾಗಿ ಕೊರಳಲ್ಲಿಟ್ಟ ಕೊಳವೆಯ ಪಟ್ಟಿಯನ್ನು ಬಿಗಿಯಾಗಿ ಕಟ್ಟಿದರೂ ಸಿರೆ ಅದುಮಿ ಕೇಡಾದೀತು.

ಬಂಧುಗಳ ಪಾಲೂ ಉಂಟು. ಶಸ್ತ್ರಕ್ರಿಯೆಗೆ ವಾರಗಳ ಮುಂಚೆಯೇ ತಂಬಾಕನ್ನು ಬಿಡಿಸಬೇಕು. ನುಂಗಲಾರದವರಿಗೆ ಮೂಗಿನ ನಳಿಕೆಯ ಮೂಲಕವಾದರೂ ಪುಷ್ಟಿ ಕೊಡಿಸಬೇಕು. ಸೊರಗಿದ ಮೈಯಲ್ಲಿ ಹೊಲಿಗೆ ಬಿಟ್ಟು ಜೊಲ್ಲು ಕೊರಳಿಗೆ ಸೋರುವ ಭಯ ಹೆಚ್ಚು. ಗಾಯ ಮಾಯದಿದ್ದರೆ, ಅಗತ್ಯವಿದ್ದವರಿಗೆ ಆರು ವಾರಗಳೊಳಗೆ ಆರಂಭಿಸಬೇಕಾದ ಕಿರಣಚಿಕಿತ್ಸೆಯೂ ತಡವಾಗಿ ರೋಗವು ಮರುಕಳಿಸಲು ಎಡೆಯಾಗುವುದು.

ಯಂತ್ರಗಳಿಗೆ ಹಣ ಮಂಜೂರು ಮಾಡುವ ಅಧಿಕಾರಿ ಮಹಾಶಯರು, ರಾತ್ರಿಪಾಳಿಗೆ ಇನ್ನೊಬ್ಬ ದಾದಿಯನ್ನು ಬೇಡಿದ ಕಡತಕ್ಕೂ ಅದೇ ಕೈಯಿಂದ ರುಜು ಹಾಕುವರೇ?