ತೋಟಾ ಸಿಗದ ಕಾಲ

ಸಿಂಧನೂರಿನಿಂದ ಲಿಂಗಸುಗೂರಿನ ಕಡೆ ಹೊರಟು ಮಸ್ಕಿ ದಾಟಿದ ಮೇಲೆ, ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಬಿದ್ದು ಹತ್ತಿ, ತೊಗರಿಯ ಹೊಲಗಳು ಹೆಚ್ಚುತ್ತವೆ. ಈ ಸೀಮೆಯ ಹಳ್ಳಿಗಳಲ್ಲಿ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಬಂದೂಕುಗಳಿವೆ. ಕೆಲವು ಕೇಪಿನ ಬಂದೂಕು, ಕೆಲವು ಹನ್ನೆರಡು ಬೋರಿನ ತೋಟಾ ಬಂದೂಕು. ಅಜ್ಜನ ಹೆಸರಿನಿಂದ ಮೊಮ್ಮಗನ ಹೆಸರಿಗೆ ವರ್ಗವಾಗಿ ಬಂದ ಬಂದೂಕು ಇನ್ನೂ ಗಟ್ಟಿಯಾಗೇ ಇರುತ್ತದೆ. ಆದರೆ ತೋಟಾ ಕೇಳಿಕೊಂಡು ಅಂಗಡಿಗೆ ಹೋದರೆ, “ಮಾಲು ಬಂದಿಲ್ರೀ ಗೌಡ್ರ, ಮುಂದಿನ ತಿಂಗಳು ನೋಡ್ರಿ” ಎಂಬ ಉತ್ತರ.

ಈ ಕೊರತೆ ಯಾವ ವಸ್ತುವಿನದು ಎಂಬುದೇ ಈ ಅಧ್ಯಾಯದ ವಿಷಯ. ತೋಟಾದಲ್ಲಿ ಮುಖ್ಯವಾಗಿ ನಾಲ್ಕು ಸಾಮಾನು: ಹೊರಗಿನ ಕೊಳವೆ, ತಳದಲ್ಲಿ ಕೇಪು, ಅದರ ಮೇಲೆ ಮದ್ದು, ಮದ್ದಿನ ಮುಂದೆ ಸೀಸದ ಚರೆ. ಇವುಗಳಲ್ಲಿ ಸೀಸಕ್ಕೆ ಬರ ಬಂದದ್ದು ಅಪರೂಪ. ಯಾವ ಕಾಲದಲ್ಲಿ ನೋಡಿದರೂ ಕೈಕೊಟ್ಟದ್ದು ಮನೆಯಲ್ಲಿ ಮಾಡಿಕೊಳ್ಳಲಾಗದ ಒಂದೇ ಒಂದು ಸಾಮಾನು.

ಮೊದಲು ಅದು ಪೆಟ್ಲುಪ್ಪು. ಹಳೆಯ ಕರಿಮದ್ದಿಗೆ ಇದ್ದಿಲು ಎಲ್ಲೆಡೆ ಸಿಗುತ್ತಿತ್ತು, ಗಂಧಕವನ್ನು ವ್ಯಾಪಾರಿಗಳು ತರುತ್ತಿದ್ದರು. ಆದರೆ ಮದ್ದಿನ ದೊಡ್ಡ ಪಾಲು ಪೆಟ್ಲುಪ್ಪಿನದೇ. ಚೌಳು ಮಣ್ಣಿನಿಂದ ಅದನ್ನು ತೆಗೆಯುವುದೇ ಒಂದು ಕಸುಬಾಗಿತ್ತು, ಆ ಕಸುಬಿನವರ ಮೇಲೆ ಅರಸರ ಕಣ್ಣೂ ಇತ್ತು. 1520ರಲ್ಲಿ ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ನಡೆದ ಕಾಳಗದಲ್ಲಿ ಫಿರಂಗಿಗಳ ಸದ್ದು ಜೋರಾಗಿಯೇ ಇತ್ತು. ಮುತ್ತಿಗೆಯ ಕೊನೆಯ ಹಂತದಲ್ಲಿ ವಿಜಯನಗರದ ಕಡೆಗಿದ್ದ ಪೋರ್ಚುಗೀಸ್ ಕೋವಿಕಾರರು, ಕ್ರಿಸ್ತೊವಾವೊ ದೆ ಫಿಗೆರೆದೊನ ಮುಂದಾಳುತನದಲ್ಲಿ, ಕೋಟೆಗೋಡೆಯ ಮೇಲೆ ತಲೆ ಎತ್ತಿದವರನ್ನು ಹೊಡೆದುರುಳಿಸಿದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಬೆರಳೆಣಿಕೆಯ ಕೋವಿಕಾರರು ಅಷ್ಟು ಮಾಡಿದ್ದು ಬೆನ್ನ ಹಿಂದೆ ಒಣ ಮದ್ದಿನ ಸರಬರಾಜು ಇದ್ದುದರಿಂದಲೇ ಇರಬೇಕು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದ ಕಥೆಗಳಲ್ಲೂ ಗುಂಡಿನಷ್ಟೇ ಮದ್ದಿನ ಲೆಕ್ಕ ಇದ್ದೀತು. ಆದರೆ ಇತಿಹಾಸ ಬರೆದವರು ಗೆದ್ದವರ ಹೆಸರು ಬರೆದರು, ಮದ್ದಿನ ಚೀಲ ಎಣಿಸಿದವನ ಹೆಸರು ಬರೆಯಲಿಲ್ಲ.

ಆಮೇಲೆ ಬಂದದ್ದು ಕೇಪು. ಅಲೆಕ್ಸಾಂಡರ್ ಫಾರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಕಿಡಿ ಮೊದಲು ಮಿಂಚಿ ಗುಂಡು ಆಮೇಲೆ ಹೊರಡುತ್ತಿತ್ತು, ಅಷ್ಟರಲ್ಲಿ ಹಕ್ಕಿ ಹಾರಿರುತ್ತಿತ್ತು. ತಟ್ಟಿದರೆ ತಾನೇ ಹೊತ್ತಿಕೊಳ್ಳುವ ಮದ್ದನ್ನು ಬಳಸುವ ಉಪಾಯಕ್ಕೆ ಅವನು 1807ರಲ್ಲಿ ಹಕ್ಕುಪತ್ರ ಪಡೆದ. ಇಂದಿನ ಕೇಪಿನ ಮೂಲ ಅದೇ. ಒಬ್ಬ ಹವ್ಯಾಸಿಯ ಸಿಟ್ಟಿನಿಂದ ಹುಟ್ಟಿದ ಈ ವಸ್ತು ಉಳಿದೆಲ್ಲ ಹವ್ಯಾಸಿಗಳನ್ನು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲಿಸಿತು. ಪೆಟ್ಲುಪ್ಪನ್ನಾದರೂ ಊರಲ್ಲಿ ತೆಗೆಯುವವರಿದ್ದರು. ಕೇಪು ಮಾತ್ರ ಹೊರಗಿನಿಂದಲೇ ಬರಬೇಕು.

ಸರ್ಕಾರಗಳಿಗೆ ಇದು ಬೇಗ ತಿಳಿಯಿತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ಸೆಟೆದು ನಿಂತರು. ಮುಂದಿನ ವರ್ಷ, 1858ರ ಫೆಬ್ರುವರಿಯಲ್ಲಿ, ಸುರಪುರದ ದೊರೆ ವೆಂಕಟಪ್ಪ ನಾಯಕನ ಮೇಲೆ ನಡೆದ ಬ್ರಿಟಿಷ್ ಪಡೆ ಹೊರಟದ್ದು ನಮ್ಮ ಲಿಂಗಸುಗೂರಿನ ದಂಡಿನಿಂದಲೇ. ಬಂದೂಕನ್ನು ಹೀಗೆ ಕಸಿಯುವುದು ಕಷ್ಟದ ಕೆಲಸ, ಅದಕ್ಕೆ ಬೇಕಾದ ಮದ್ದು, ಕೇಪುಗಳ ದಾರಿ ಕಟ್ಟುವುದು ಸುಲಭದ ಕೆಲಸ.

ಮೂರನೆಯ ಕಥೆ ನಮ್ಮ ಹೊಲದ್ದೇ. ಜಿನ್ನಿಂಗ್ ಮಿಲ್ಲಿನಿಂದ ಹೊರಬಿದ್ದ ಹತ್ತಿಬೀಜವೊಂದನ್ನು ಕೈಗೆ ತೆಗೆದುಕೊಳ್ಳಿ. ಅರಳೆಯೆಲ್ಲ ಹೋಗಿರುತ್ತದೆ, ಆದರೂ ಬೀಜ ಬೋಳಾಗಿರುವುದಿಲ್ಲ. ಉಗುರಿನಿಂದ ಕೆರೆದರೆ ಬೂದು ಬಣ್ಣದ ಗಿಡ್ಡ ನವಿರು ಎದ್ದು ಬೆರಳಿಗೆ ಅಂಟುತ್ತದೆ. ನೂಲಿಗೆ ಬಾರದ ಈ ನವಿರಿಗೆ ವ್ಯಾಪಾರದಲ್ಲಿ ಲಿಂಟರ್ ಎಂಬ ಹೆಸರು. ಎಣ್ಣೆ ಗಿರಣಿಗೆ ಹೋಗುವ ಮುಂಚೆ ಯಂತ್ರದಲ್ಲಿ ಅದನ್ನು ಕೆರೆದು ತೆಗೆಯುತ್ತಾರೆ. 1846ರಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಹತ್ತಿಯನ್ನೇ ಸಿಡಿಮದ್ದಾಗಿಸಬಹುದೆಂದು ಕಂಡುಕೊಂಡ. 1884ರಲ್ಲಿ ಫ್ರಾನ್ಸಿನ ಪೋಲ್ ವಿಯೆ ಅದನ್ನು ಪಳಗಿಸಿ ಹೊಗೆಯಿಲ್ಲದ ಮದ್ದು ಮಾಡಿದ. ಇಂದಿನ ತೋಟಾಗಳಲ್ಲಿರುವುದು ಅದರ ಸಂತತಿಯೇ, ನೈಟ್ರೋಸೆಲ್ಯುಲೋಸ್. ನಮ್ಮ ಪಕ್ಕದ ನೀಲಗಿರಿಯ ಅರುವಂಕಾಡಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಂಥ ಮದ್ದಿನ ಕಾರ್ಖಾನೆ ಶುರುವಾಯಿತು.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಹತ್ತಿಕೊಂಡ ಮೇಲೆ ಫಿರಂಗಿ ಗುಂಡಿನ ಬೇಡಿಕೆ ಏರಿತು, ಅದರ ಜತೆ ನೈಟ್ರೋಸೆಲ್ಯುಲೋಸ್ ತುಟ್ಟಿಯಾಯಿತು. ಯುರೋಪಿನ ಕಾರ್ಖಾನೆಗಳು ಚೀನಾದ ಲಿಂಟರನ್ನು ನೆಚ್ಚಿಕೊಂಡಿವೆಯೆಂದು ಅಲ್ಲಿಯ ಕಂಪನಿಗಳ ಮುಖ್ಯಸ್ಥರೇ ಬಹಿರಂಗವಾಗಿ ಹೇಳತೊಡಗಿದರು. ಹತ್ತಿಬೀಜದ ನವಿರು ಸೈನ್ಯಗಳ ಚಿಂತೆಯಾಯಿತು. ಸೈನ್ಯಕ್ಕೆ ಮೊದಲ ಪಾಲು ಹೋದಾಗ ಹವ್ಯಾಸಿಗೆ ಉಳಿಯುವುದು ತಳದ ಗಸಿ.

ಅದಕ್ಕೂ ಮುಂಚೆ, 2020ರಲ್ಲಿ, ಅಮೆರಿಕ ಒಂದು ಬರ ನೋಡಿತ್ತು. ಅಲ್ಲಿ ಖಾಲಿ ತೋಟಾಕ್ಕೆ ಹೊಸ ಕೇಪು, ಮದ್ದು, ಗುಂಡು ಹಾಕಿ ಮತ್ತೆ ಬಳಸುವುದು ಲಕ್ಷಾಂತರ ಜನರ ಹವ್ಯಾಸ. ಕೋವಿಡ್ ಕಾಲದಲ್ಲಿ ಜನ ಮುಗಿಬಿದ್ದು ಕೊಂಡಾಗ ಅಂಗಡಿಗಳಿಂದ ಮೊದಲು ಮಾಯವಾದ ಸಾಮಾನುಗಳಲ್ಲಿ ಕೇಪು ಒಂದು. ಕೇಪು ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. ಅವೂ ತಮ್ಮದೇ ಸಿದ್ಧ ತೋಟಾಗಳಿಗೆ ಮೊದಲು ಬಳಸಿಕೊಂಡು ಉಳಿದದ್ದನ್ನು ಬಿಡಿಯಾಗಿ ಮಾರುತ್ತವೆ. ಮರುತುಂಬುವವರ ಮನೆಯಲ್ಲಿ ಹಿತ್ತಾಳೆಯ ಖಾಲಿ ಕೊಳವೆ ರಾಶಿ ರಾಶಿ ಇತ್ತು, ಸೀಸವೂ ಇತ್ತು. ಬಟಾಣಿಗಿಂತ ಚಿಕ್ಕದಾದ ಲೋಹದ ಟೋಪಿ ಇಲ್ಲದೆ ಎಲ್ಲ ನಿಂತಿತು.

ಹಾಗಾದರೆ ನಾವೂ ಮರುತುಂಬಿಕೊಂಡರೆ ಹೇಗೆ ಎಂದು ಕೆಲವರಿಗೆ ಅನ್ನಿಸೀತು. ನನ್ನ ಉತ್ತರ ಬೇಡವೆಂದೇ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ತೋಟಾ ತಯಾರಿಸುವ ಪರವಾನಗಿಯಲ್ಲ. 1959ರ ಆಯುಧ ಕಾಯ್ದೆ “ಮದ್ದುಗುಂಡು” ಎನ್ನುವಾಗ ಸಿದ್ಧ ತೋಟಾವನ್ನಷ್ಟೇ ಹಿಡಿಯುವುದಿಲ್ಲ, ಅದರ ಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸುತ್ತದೆ. ಪರವಾನಗಿಯಿಲ್ಲದೆ ತಯಾರಿಸಿದವರಿಗೆ 2019ರ ತಿದ್ದುಪಡಿಯ ಮೇಲೆ ಶಿಕ್ಷೆ ಬಹಳ ಬಿಗಿಯಾಗಿದೆ. ಕಾನೂನು ಪಕ್ಕಕ್ಕಿಟ್ಟರೂ, ತೂಕದಲ್ಲಿ ಚೂರು ಹೆಚ್ಚಾದ ಮದ್ದು ಹಳೆಯ ನಳಿಗೆಯನ್ನು ಸೀಳಬಲ್ಲದು, ಸೀಳುವುದು ಕೆನ್ನೆಯ ಪಕ್ಕದಲ್ಲೇ. ಪಟಾಕಿ ಬಿಚ್ಚಿ ಮದ್ದು ತೆಗೆಯುವ ದುಸ್ಸಾಹಸ ಹಳ್ಳಿಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ, ಅದರ ಕಥೆಗಳು ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಮುಗಿಯುತ್ತವೆ. ಇಲ್ಲೇ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ: ಸಿಡಿಮದ್ದು ಒಂದು ಕಡೆ, ಅದನ್ನು ಹೊತ್ತಿಸುವ ಕೇಪು ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ. ಸರಿಯಾಗಿ ಕಲಿತವರೇ ಅಷ್ಟು ಹೆದರಿ ನಡೆಯುತ್ತಾರೆ.

ಇದ್ದ ತೋಟಾವನ್ನು ಕೆಡಿಸದೆ ಇಟ್ಟುಕೊಳ್ಳುವುದೇ ಮೊದಲ ಉಳಿತಾಯ. ಹನ್ನೆರಡು ಬೋರಿನ ದೇಶೀ ತೋಟಾ ಬರುವುದು ಬಹುತೇಕ ಪುಣೆ ಬಳಿಯ ಖಡ್ಕಿಯಿಂದ. 1869ರಲ್ಲಿ ಶುರುವಾದ ಆ ಕಾರ್ಖಾನೆ 2021ರಿಂದ ಮ್ಯೂನಿಷನ್ಸ್ ಇಂಡಿಯಾ ಎಂಬ ಸರ್ಕಾರಿ ಕಂಪನಿಯ ಅಡಿಯಲ್ಲಿದೆ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಕೊಳ್ಳಬಹುದೆಂದು ನಿಮ್ಮ ಪರವಾನಗಿಯಲ್ಲೇ ಬರೆದಿರುತ್ತದೆ, ಆ ಮಿತಿಯೊಳಗೆ ಮಾಲು ಬಂದಾಗ ಕೊಂಡಿಡಬೇಕು. ಚುನಾವಣೆ ಬಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಹೇಳುತ್ತಾರೆ, ಆ ದಿನಗಳನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೋಣೆ, ಕಾರಿನ ಡಿಕ್ಕಿ, ಒಲೆಯ ಗೂಡು ಇವೆಲ್ಲ ತೋಟಾಕ್ಕೆ ಜಾಗವಲ್ಲ. ಒಣಗಿದ, ತಂಪಾದ, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಹಳೆಯದನ್ನು ಮೊದಲು ಬಳಸಿ. ಕುದುರೆ ಎಳೆದ ಮೇಲೂ ಸದ್ದು ಬರಲಿಲ್ಲವೆಂದರೆ ಬಂದೂಕನ್ನು ತಕ್ಷಣ ಮುರಿದು ನೋಡಬೇಡಿ. ನಳಿಗೆಯನ್ನು ಜನರಿಲ್ಲದ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ಕೆಲವು ಕೇಪು ತಡವಾಗಿ ಹೊತ್ತಿಕೊಳ್ಳುತ್ತವೆ.

ಗುರಿ ಹೊಡೆಯುವುದೇ ಆಸೆಯಾಗಿದ್ದರೆ ಈ ಎಲ್ಲ ಪಾಡಿನಿಂದ ಹೊರಬರುವ ದಾರಿಯಿದೆ. ಅದು ಗಾಳಿಕೋವಿ. ಅದರಲ್ಲಿ ಮದ್ದೂ ಇಲ್ಲ, ಕೇಪೂ ಇಲ್ಲ. 2016ರ ಆಯುಧ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರಿನ, 20 ಜೂಲ್ ಮೀರದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಹಕ್ಕಿಗೆ ಹೊಡೆಯಲು ಮಾತ್ರ ಅನುಮತಿಯಿಲ್ಲ, ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಗಾಳಿ ರೈಫಲ್‌ನಲ್ಲಿ.  ಹತ್ತು ಮೀಟರ್ ಎಂದರೆ ಭತ್ತದ ಗೋದಾಮಿನ ಒಂದು ಮಗ್ಗುಲು ಸಾಕು, ಹಿಂದೆ ಗುಂಡು ತಡೆಯುವ ಗಟ್ಟಿ ತಡೆಯಿರಬೇಕಷ್ಟೇ. ರೈಫಲ್ ಗುರಿಯಲ್ಲಿ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. ಅದಕ್ಕೆ ಹೊಡೆಯುವ ಸೀಸದ ಗುಂಡು ಸುಮಾರು ಅರ್ಧ ಗ್ರಾಂ.

ಸ್ಪರ್ಧೆಗೆ ತಕ್ಕ ಒಳ್ಳೆಯ ಗುಂಡು ಹೆಚ್ಚಾಗಿ ಹೊರದೇಶದಿಂದ ಬರುವುದು, ಆದ್ದರಿಂದ ಇಲ್ಲೂ ಬರ ಬರುತ್ತದೆ. ಆದರೆ ಗುಂಡಿಲ್ಲದೆಯೂ ಅಭ್ಯಾಸ ನಿಲ್ಲುವುದಿಲ್ಲ. ನಿಲುವು, ಉಸಿರು, ಗುರಿ, ಬೆರಳಿನ ಒತ್ತು ಇವನ್ನು ಖಾಲಿ ಕೋವಿಯಲ್ಲೇ ತಿದ್ದಿಕೊಳ್ಳುವುದು ದೊಡ್ಡ ಶೂಟರ್‌ಗಳೂ ಪಾಲಿಸುವ ಪದ್ಧತಿ. ಒಂದು ಎಚ್ಚರಿಕೆ ಮಾತ್ರ: ನಮ್ಮಲ್ಲಿ ಹೆಚ್ಚಾಗಿ ಸಿಗುವ, ನಳಿಗೆ ಮಡಚಿ ಬಿಗಿಮಾಡುವ ಸ್ಪ್ರಿಂಗ್ ಕೋವಿಯನ್ನು ಗುಂಡಿಲ್ಲದೆ ಹೊಡೆಯಬಾರದು, ಒಳಗಿನ ಪಿಸ್ಟನ್ ಬಡಿದು ಸೀಲು ಹಾಳಾಗುತ್ತದೆ. ಅಂಥ ಕೋವಿಯಲ್ಲಿ ಬಿಗಿ ಮಾಡದೆ ಹಿಡಿತವನ್ನಷ್ಟೇ ಅಭ್ಯಾಸ ಮಾಡಬೇಕು. ಗಾಳಿ ತುಂಬಿಸಿ ಹೊಡೆಯುವ ಸ್ಪರ್ಧೆಯ ಕೋವಿಗಳಲ್ಲಿ ಖಾಲಿ ಅಭ್ಯಾಸಕ್ಕೆಂದೇ ವ್ಯವಸ್ಥೆಯಿರುತ್ತದೆ. ಕೈಯಲ್ಲಿರುವ ಅಷ್ಟಿಷ್ಟು ಗುಂಡಿನ ಡಬ್ಬಿ ಬದಲಾದರೆ ಬ್ಯಾಚ್ ಸಂಖ್ಯೆ ನೋಡಿ. ಅದೇ ಹೆಸರಿನ ಬೇರೆ ಬ್ಯಾಚಿನ ಗುಂಡು ಗುರಿಯನ್ನು ಒಂದಿಷ್ಟು ಸರಿಸಬಹುದು. ಹೊಡೆದು ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಊಟಕ್ಕೆ ಕೂಡಬೇಕು, ಮಕ್ಕಳು ಕಲಿಯುವ ಕಡೆಯಂತೂ ಬಾಗಿಲ ಬಳಿಯೇ ನೀರು, ಸೋಪು ಇಟ್ಟಿರಿ, ಏಕೆಂದರೆ ಬೆರಳಿಗೆ ಅಂಟಿದ ಸೀಸ ಬಾಯಿಯ ಮೂಲಕ ಮೈಗೆ ಸೇರುತ್ತದೆ.